ಹೆಸರನ್ನು ಕೊಳ್ಳಬಹುದು, ಓದುಗರನ್ನಲ್ಲ

ಬೆಂಗಳೂರಿನ ಪ್ರಕಾಶಕರೊಬ್ಬರು ತಮ್ಮ ಬಡಾವಣೆ ಪತ್ರಿಕೆಯನ್ನು ಉರಿಗಾಮಿನಲ್ಲಿ ಹೊರಡಿಸುವ ಹಕ್ಕನ್ನು ಕೊಳ್ಳುವಿರಾ ಎಂದು ನನ್ನನ್ನು ಕೇಳಿದ್ದಾರೆ. ಪತ್ರಿಕೆಯ ಹೆಸರು ಅವರದು, ಒಳಪುಟಗಳಲ್ಲಿ ಬಹುಪಾಲು ಅವರದು. ಜಾಹೀರಾತಿಗಾಗಿ ಅಲೆಯುವ ಕೆಲಸವೂ ನಷ್ಟದ ಹೊರೆಯೂ ನನ್ನವು. ಕೈಯಲ್ಲಿ ಅಷ್ಟಿಷ್ಟು ಉಳಿತಾಯವಿದೆ; ಕನ್ನಡ ಮೇಷ್ಟರಿಗೆ ಪತ್ರಿಕೆಯ ಹಂಬಲವಂತೂ ಹೊಸದಲ್ಲ.

ಮಾಲೂರು ಸೀಮೆಯ ಮಾಸ್ತಿಯವರು ೧೯೪೪ರಲ್ಲಿ ‘ಜೀವನ’ವನ್ನು ವಹಿಸಿಕೊಂಡು ಎರಡು ದಶಕ ನಡೆಸಿದರು. ಅವರು ವಹಿಸಿಕೊಂಡದ್ದು ಸಂಪಾದಕನ ಹೊಣೆಯನ್ನು. ನನಗೆ ಮಾರುತ್ತಿರುವುದು ಹೊಣೆಯಿಲ್ಲದ ಹೆಸರನ್ನು.

ನಮ್ಮ ಊರಿನ ಸ್ಥಿತಿಯನ್ನು ನೋಡಿ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದು ಬಂದದ್ದು ಇಲ್ಲಿನ ಗಣಿಗಳಿಗೆ. ೨೦೦೧ರಲ್ಲಿ ಆ ಗಣಿಗಳೇ ಮುಚ್ಚಿದವು. ಇಂದು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರ ಮನೆಗಳಲ್ಲಿ ಕೇಳುವ ಮಾತು ಹೆಚ್ಚಾಗಿ ತಮಿಳು. ಕನ್ನಡ ಅಲ್ಲಿಗೆ ಮಕ್ಕಳ ಪಾಠವಾಗಿ ಬರುತ್ತದೆ. ಅಂಥ ಮನೆಯಲ್ಲಿ ಕನ್ನಡ ಪತ್ರಿಕೆಗೆ ಎಡೆ ಸಿಗಬೇಕಾದರೆ ಅದರಲ್ಲಿ ಆ ಮನೆಯ ಮಾತಿರಬೇಕು: ಕಾರ್ಮಿಕರು ಬಾಳಿದ ವಸತಿಯ ಹಕ್ಕು, ಸಯನೈಡ್ ದಿಬ್ಬಗಳಿಂದೇಳುವ ಧೂಳು, ರೈಲಿನ ವೇಳೆ. ಸಿದ್ಧವಾಗಿ ಬರುವ ಒಳಪುಟಗಳು ಇದನ್ನು ಅರಿಯವು. ಇಲ್ಲಿನ ಓದುಗರ ವಿಶ್ವಾಸವನ್ನು ಆ ಪ್ರಕಾಶಕರು ನನಗೆ ಮಾರಲಾರರು. ಅದು ಅವರ ಬಳಿಯೇ ಇಲ್ಲ.

ಆದುದರಿಂದ ಒಲ್ಲೆನೆಂದು ಬರೆದಿದ್ದೇನೆ. ಅದೇ ಹಣದಲ್ಲೊಂದು ಪಾಲನ್ನು ತೆಗೆದು, ಬೇರೆ ಹೆಸರನ್ನು ನೋಂದಾಯಿಸಿ, ನಾಲ್ಕು ಪುಟಗಳ ಪತ್ರಿಕೆಯನ್ನು ಆರು ತಿಂಗಳು ನಡೆಸಿ ನೋಡುವೆನು. ಓದುಗರು ಒಲಿಯದಿದ್ದರೆ ಸೋಲು ನನ್ನದೇ. ಕೊಂಡ ಹೆಸರಿನ ಹಿಂದೆ ಅದನ್ನು ಮರೆಮಾಡುವ ಅವಕಾಶವಾದರೂ ನನಗಿರದು.