ಪರಿಪಾಕ

'ಪಕ್ವ' ಎಂಬ ಶಬ್ದವು 'ಪಚ್' ಎಂಬ ಧಾತುವಿನಿಂದ ಬಂದುದು. ಒಲೆಯ ಮೇಲಿನ ಅನ್ನಕ್ಕೂ ಮರದ ಮೇಲಿನ ಹಣ್ಣಿಗೂ ಈ ಒಂದೇ ಶಬ್ದವು ಸಲ್ಲುತ್ತದೆ. ಎರಡಕ್ಕೂ ಕಾಲ ಬೇಕು, ತಾಪವೂ ಬೇಕು. ಉರಿಯಿಲ್ಲದ ಒಲೆಯ ಮೇಲೆ ಅಕ್ಕಿಯು ದಿನವೆಲ್ಲ ಕುಳಿತರೂ ಅನ್ನವಾಗದಷ್ಟೆ. ಮನುಷ್ಯನ ಆತ್ಮದ ವಿಷಯವೂ ಹೀಗೆಯೇ ಎಂಬುದನ್ನು ಕ್ರೈಸ್ತ ಸಭೆಯ ಪೂರ್ವಚರಿತ್ರೆಯು ಚೆನ್ನಾಗಿ ತೋರಿಸುತ್ತದೆ. ಈ ತಿಂಗಳು ವಾಚಕರೊಡನೆ ಅದನ್ನು ಕುರಿತು ನಾಲ್ಕು ಮಾತನಾಡಬೇಕೆಂದಿದ್ದೇವೆ.

ಗ್ರೀಸ್ ದೇಶದ ಕೊರಿಂಥ ಪಟ್ಟಣದ ಸಭೆಗೆ ಅಪೊಸ್ತಲನಾದ ಪೌಲನು ಸುಮಾರು ಕ್ರಿ. ಶ. 55ರಲ್ಲಿ ಒಂದು ಪತ್ರವನ್ನು ಬರೆದನು. ಆ ಸಭೆಯವರು ದಡ್ಡರಲ್ಲ. ಮಾತೂ ಜ್ಞಾನವೂ ಅವರಲ್ಲಿ ಸಮೃದ್ಧವಾಗಿದ್ದುವೆಂದು ಪೌಲನು ಮೊದಲಿಗೇ ಒಪ್ಪುತ್ತಾನೆ. ಆದರೂ ಮುಂದೆ ಅವರನ್ನು ಹಾಲು ಕುಡಿಯುವ ಕೂಸುಗಳಿಗೆ ಹೋಲಿಸಿ, ಗಟ್ಟಿಯಾದ ಆಹಾರವು ಇನ್ನೂ ಅವರಿಗೆ ಸಲ್ಲದೆನ್ನುತ್ತಾನೆ. ಕಾರಣವೇನು? ಅವರೊಳಗಿದ್ದ ಹೊಟ್ಟೆಕಿಚ್ಚು ಮತ್ತು ಜಗಳ. ಒಬ್ಬೊಬ್ಬರು ಒಬ್ಬೊಬ್ಬ ಗುರುವಿನ ಹೆಸರು ಹಿಡಿದು ಪಂಗಡ ಕಟ್ಟಿಕೊಂಡಿದ್ದರು. ಎಷ್ಟು ತಿಳಿದವರೆಂಬುದನ್ನು ಪೌಲನು ಕೇಳಲಿಲ್ಲ. ಒಬ್ಬರೊಡನೊಬ್ಬರು ಹೇಗೆ ಬಾಳುತ್ತಿದ್ದಾರೆಂಬುದರಿಂದಲೇ ಅವರ ಬೆಳವಣಿಗೆಯನ್ನು ಅಳೆದನು.

ಹಾಗಾದರೆ ಬೆಳೆದವನ ಲಕ್ಷಣವೇನು? ಇದಕ್ಕೆ ಅಗಸ್ಟೀನನ ಬಾಳಿಗಿಂತ ಸ್ಪಷ್ಟವಾದ ಉದಾಹರಣೆಯು ನಮಗೆ ತೋರುವುದಿಲ್ಲ. ಆತನು 354ರಲ್ಲಿ ಉತ್ತರ ಆಫ್ರಿಕದಲ್ಲಿ, ಈಗಿನ ಅಲ್ಜೀರಿಯ ದೇಶದಲ್ಲಿ ಹುಟ್ಟಿದವನು. ವೃತ್ತಿಯಿಂದ ಅಲಂಕಾರಶಾಸ್ತ್ರದ ಉಪಾಧ್ಯಾಯ. 387ರ ಈಸ್ಟರ್ ಹಬ್ಬದಲ್ಲಿ ಮಿಲಾನ್ ಪಟ್ಟಣದಲ್ಲಿ ಆಂಬ್ರೋಸನಿಂದ ದೀಕ್ಷಾಸ್ನಾನವನ್ನು ಪಡೆದನು. ಅಲ್ಲಿಂದ ಹತ್ತು ವರ್ಷಗಳೊಳಗೆ ಹಿಪ್ಪೋ ಪಟ್ಟಣದ ಧರ್ಮಾಧ್ಯಕ್ಷನೂ ಆದನು. ಇನ್ನೇನು, ಪಕ್ವನಾದನೆಂದು ಲೋಕವು ತಿಳಿದಿರಬಹುದು. ಆದರೆ ಅಧ್ಯಕ್ಷನಾದ ಮೇಲೆ ಬರೆದ 'ಕನ್ಫೆಶನ್ಸ್' ಎಂಬ ಆತ್ಮನಿವೇದನೆಯ ಗ್ರಂಥದಲ್ಲಿ ಆತನು ಯೌವನದ ಪಾಪಗಳನ್ನು ಹೇಳಿ ಮುಗಿಸಲಿಲ್ಲ. ಹತ್ತನೆಯ ಭಾಗದಲ್ಲಿ ಆಗಿನ ತನ್ನ ಸ್ಥಿತಿಯನ್ನೇ ಶೋಧಿಸುತ್ತಾನೆ. ಹಸಿವೆ ಎಲ್ಲಿ ಮುಗಿದು ರುಚಿಯ ಆಶೆ ಎಲ್ಲಿ ಮೊದಲಾಗುತ್ತದೆಂಬುದು ತಿಳಿಯದೆ ಕಳವಳಪಡುತ್ತಾನೆ. ಜನರ ಹೊಗಳಿಕೆಯು ತನಗೆ ಇನ್ನೂ ಸಿಹಿಯಾಗಿದೆಯೆಂದು ಒಪ್ಪುತ್ತಾನೆ. ಮನೆಯಲ್ಲಿ ಕುಳಿತಿರುವಾಗ ಹಲ್ಲಿಯು ನೊಣ ಹಿಡಿಯುವುದನ್ನು ನೋಡುತ್ತ ಧ್ಯಾನ ತಪ್ಪಿತೆಂಬುದನ್ನು ಕೂಡ ಮರೆಮಾಡುವುದಿಲ್ಲ.

ತನ್ನನ್ನು ಹೀಗೆ ನೋಡಿಕೊಂಡವನಿಗೆ ಪರರ ದೋಷವನ್ನು ಆಡಿಕೊಳ್ಳುವುದು ರುಚಿಸದಾಯಿತು. ಆತನನ್ನು ಸುಮಾರು 40 ವರ್ಷ ಬಲ್ಲ ಪೊಸಿಡಿಯಸನು ಬರೆದ ಜೀವನಚರಿತ್ರೆಯಲ್ಲಿ ಒಂದು ಸಂಗತಿಯುಂಟು. ಎದುರಿಗಿಲ್ಲದವರನ್ನು ದೂಷಿಸತಕ್ಕವರಿಗೆ ಇಲ್ಲಿ ಸ್ಥಳವಿಲ್ಲವೆಂಬರ್ಥದ ಪದ್ಯವೊಂದನ್ನು ಅಗಸ್ಟೀನನು ತನ್ನ ಊಟದ ಮೇಜಿನ ಮೇಲೆ ಬರೆಯಿಸಿದ್ದನು. ಒಮ್ಮೆ ಆತನ ಆಪ್ತರಾದ ಕೆಲವು ಧರ್ಮಾಧ್ಯಕ್ಷರೇ ಊಟದ ನಡುವೆ ಆ ನಿಯಮವನ್ನು ಮರೆತರು. ಆಗ ಅಗಸ್ಟೀನನು, ಒಂದೋ ಆ ಪದ್ಯವನ್ನು ಅಳಿಸಬೇಕು, ಇಲ್ಲವೆ ತಾನೇ ಎದ್ದು ಕೋಣೆಗೆ ಹೋಗಬೇಕೆಂದು ಕಟುವಾಗಿ ನುಡಿದನಂತೆ.

ಮುಪ್ಪಿನಲ್ಲಿ, 426-427ರಲ್ಲಿ, ಆತನು ಮತ್ತೊಂದು ಅಪೂರ್ವ ಕೆಲಸಕ್ಕೆ ಕೈಯಿಟ್ಟನು. ತಾನು ಬರೆದ 93 ಕೃತಿಗಳನ್ನು ಒಂದೊಂದಾಗಿ ಪರಿಶೀಲಿಸಿ, ಎಲ್ಲೆಲ್ಲಿ ತಪ್ಪಿದೆ, ಎಲ್ಲೆಲ್ಲಿ ಮಾತು ಮಿತಿಮೀರಿದೆಯೆಂಬುದನ್ನು ತಾನೇ ಗುರುತಿಸಿ ಪ್ರಕಟಿಸಿದನು. ಶಿಷ್ಯರು ಪೂಜಿಸುತ್ತಿರುವ ಗ್ರಂಥಗಳನ್ನು ಎಪ್ಪತ್ತು ದಾಟಿದವನು ಸ್ವಹಸ್ತದಿಂದ ತಿದ್ದುವುದು ಸಾಮಾನ್ಯವೆ?

ಆದರೂ ಆತನನ್ನು ನಿರ್ದೋಷಿಯೆಂದು ನಾವು ಹೇಳಲಾರೆವು. ಡೊನಾಟಸನ ಪಂಥದವರನ್ನು ವಾದದಿಂದ ಮಾತ್ರವೇ ಗೆಲ್ಲತಕ್ಕದ್ದೆಂದು ಮೊದಲು ನಂಬಿದ್ದವನು, 408ರ ಸುಮಾರಿಗೆ ಬರೆದ ಪತ್ರವೊಂದರಲ್ಲಿ ಅವರ ಮೇಲೆ ರಾಜದಂಡದ ಪ್ರಯೋಗವನ್ನು ಸಮರ್ಥಿಸಿದನು. ಮುಪ್ಪಿನ ಪರಿಶೀಲನೆಯಲ್ಲಿಯೂ ಅದನ್ನು ತಿದ್ದಲಿಲ್ಲ; ತನ್ನ ಮೊದಲಿನ ಸೌಮ್ಯಾಭಿಪ್ರಾಯವನ್ನೇ ತಿದ್ದಿದನು. ಮುಂದಿನ ಶತಮಾನಗಳಲ್ಲಿ ಬಲಾತ್ಕಾರವನ್ನು ಬಯಸಿದವರು ಆ ಮಾತುಗಳನ್ನೇ ಆಧಾರವಾಗಿ ಹಿಡಿದರು. ಎಷ್ಟು ದೀಪ ಹಿಡಿದರೂ ಮನುಷ್ಯನಿಗೆ ತನ್ನ ಮನಸ್ಸಿನ ಕೆಲವು ಮೂಲೆಗಳು ಕಾಣವು. ಆದುದರಿಂದಲೇ ಪೌಲನು ಪರಿಪಾಕವನ್ನು ಒಬ್ಬಂಟಿಗನ ಸಾಧನೆಯೆಂದು ಬಗೆಯದೆ, ಒಂದೇ ದೇಹದ ಅವಯವಗಳಂತೆ ಸಭೆಯೆಲ್ಲ ಕೂಡಿ ಬೆಳೆಯಬೇಕೆಂದು ಬೋಧಿಸಿದನು. ಸಭೆಯೆಂಬುದು ಪಕ್ವರಾದವರ ಕೂಟವಲ್ಲ; ಕೂಡಿ ಬೇಯುವವರ ಪಾಕಶಾಲೆ.

430ರಲ್ಲಿ ವಾಂಡಲರ ಸೈನ್ಯವು ಹಿಪ್ಪೋ ಪಟ್ಟಣವನ್ನು ಮುತ್ತಿರಲು ಅಗಸ್ಟೀನನು ಜ್ವರದಿಂದ ಮಲಗಿದನು. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ, ಮಲಗಿದಲ್ಲಿಂದ ಕಾಣುವಂತೆ ಗೋಡೆಗೆ ಹಾಕಿಸಿಕೊಂಡನು. ವೈದ್ಯರು ಬರುವ ಹೊತ್ತು, ಆಹಾರ ತರುವ ಹೊತ್ತುಗಳ ಹೊರತು ಯಾರೂ ಒಳಗೆ ಬಾರದಂತೆ ಹೇಳಿ, ಕೊನೆಯ ಹತ್ತು ದಿನ ಅವನ್ನು ಓದುತ್ತ ಕಣ್ಣೀರಿಟ್ಟನು. ಆಗಸ್ಟ್ 28ರಂದು ತೀರಿಕೊಂಡನು. ದೀಕ್ಷೆ ಪಡೆದು 43 ವರ್ಷಗಳಾಗಿದ್ದರೂ ತನಗೆ ಪಶ್ಚಾತ್ತಾಪವು ಮುಗಿಯಿತೆಂದು ಆತನು ಎಣಿಸಿರಲಿಲ್ಲ.

ನಮ್ಮ ವಾಚಕರಲ್ಲಿ ಕ್ರೈಸ್ತರೂ ಇದ್ದಾರೆ, ಅನ್ಯಮತಸ್ಥರೂ ಇದ್ದಾರೆ. ಯಾವ ಮನೆಯಲ್ಲಿಯಾದರೂ ಹಿರಿಯರೆನಿಸಿಕೊಂಡ ನಾವು ಮಕ್ಕಳನ್ನೂ ಸೊಸೆಯರನ್ನೂ ತಿದ್ದುವುದೇ ಹಿರಿತನವೆಂದು ತಿಳಿಯುವುದುಂಟು. ಹಿರಿಯನು ತಿದ್ದಬಾರದೆಂದಲ್ಲ. ಆದರೆ ಕಿರಿಯನು ತಪ್ಪನ್ನು ತೋರಿಸಿದಾಗ ಸಿಟ್ಟಾಗದೆ ಕೇಳುವ ಹಿರಿಯರು ಎಷ್ಟು ಮಂದಿ? ಊಟಕ್ಕೆ ಕುಳಿತಾಗ ಅಲ್ಲಿಲ್ಲದ ನೆರೆಯವರ ಮಾತು ಬಂದರೆ ಅದನ್ನು ತಡೆಯುವವರು ಎಷ್ಟು ಮಂದಿ? ದೊಡ್ಡ ವ್ರತಗಳನ್ನು ಹಿಡಿಯುವುದಕ್ಕೆ ಮೊದಲು ಈ ಎರಡನ್ನು ಒಂದು ತಿಂಗಳು ಆಚರಿಸಿ ನೋಡಬಹುದು. ಇವು ಸುಲಭವಲ್ಲವೆಂಬುದು ಮೊದಲನೆಯ ವಾರದಲ್ಲಿಯೇ ತಿಳಿಯುವುದು.