ಆ ಗಂಟನ್ನೊಮ್ಮೆ ಚಿವುಟಿ ನೋಡಿ

ನನ್ನ ಬಲಗಾಲಿನಲ್ಲಿ, ಮೊಳಕಾಲಿನಿಂದ ಒಂದು ಗೇಣು ಕೆಳಗೆ, ಒಂದು ಗಂಟಿದೆ. ತೊಗರಿಕಾಳಿಗಿಂತ ಕೊಂಚ ದೊಡ್ಡದು. ಹುಣಸೆಬೀಜದ ಬಣ್ಣ. ಮುಟ್ಟಿದರೆ ಚರ್ಮದೊಳಗೆ ಅಂಗಿಗುಂಡಿ ಹೊಲಿದಿಟ್ಟಂತೆ ಗಟ್ಟಿ. ಶೇಂಗಾ ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಕಡಿಯುವಾಗ ಮುಳ್ಳು ಚುಚ್ಚಿದ ಜಾಗವೇ ಅದು ಎಂಬುದು ನನ್ನ ನಂಬಿಕೆ. ಹದಿನಾರು ವರ್ಷವಾಯಿತು. ಬೆಳೆಯಲೂ ಇಲ್ಲ, ಕರಗಲೂ ಇಲ್ಲ.

ಮೊದಲ ವರ್ಷ ಮುಳ್ಳಿನ ಮೊನೆ ಒಳಗೇ ಉಳಿದಿದೆ ಎಂದುಕೊಂಡು ಸೂಜಿ ಕಾಯಿಸಿ ಕೆದಕಿದೆ. ರಕ್ತ ಬಂತು, ಮುಳ್ಳು ಬರಲಿಲ್ಲ. ಆಮೇಲೆ ಯಾರೋ ಇದು ನರಹುಲಿ, ಕುದುರೆ ಬಾಲದ ಕೂದಲು ಕಟ್ಟಿದರೆ ಉದುರುತ್ತದೆ ಅಂದರು. ಕೂದಲನ್ನೇನೋ ತಂದೆ. ಆದರೆ ಕಟ್ಟಲು ಆ ಗಂಟಿಗೆ ಕತ್ತೇ ಇರಲಿಲ್ಲ! ಕೊನೆಗೆ ಜಾತ್ರೆಯಲ್ಲಿ ಕೂತಿದ್ದ ಒಬ್ಬಾತ ಸುಣ್ಣ, ಸೋಡಾ ಕಲಸಿ ಹಚ್ಚಿದ. ಎರಡು ತಿಂಗಳು ಕೀವು ಸೋರಿತು. ಗಾಯ ಮಾಯ್ದ ಮೇಲೆ ನೋಡಿದರೆ ಗಂಟು ಇದ್ದಲ್ಲೇ ಇದೆ. ಅದರ ಸುತ್ತ ಎಂಟಾಣೆ ಅಗಲದ ಬಿಳಿ ಕಲೆಯೊಂದು ಹೊಸದಾಗಿ ಸೇರಿದೆ.

ಇಷ್ಟೆಲ್ಲ ಆದ ಮೇಲೆ ಬೇರೆ ಯಾವುದೋ ಕೆಲಸಕ್ಕೆ ಹೋಗಿದ್ದಾಗ ವೈದ್ಯರೊಬ್ಬರಿಗೆ ಕಾಲು ತೋರಿಸಿದೆ. ಅವರು ಹೆಬ್ಬೆರಳು, ತೋರುಬೆರಳಿನಿಂದ ಗಂಟನ್ನು ಎರಡೂ ಪಕ್ಕದಿಂದ ಒತ್ತಿದರು. ಉಬ್ಬಬೇಕಾದ ಗಂಟು ಒಳಕ್ಕೆ ಕುಸಿಯಿತು, ನಗುವಾಗ ಕೆನ್ನೆಯಲ್ಲಿ ಗುಳಿ ಬಿದ್ದಂತೆ. ಅರ್ಧ ನಿಮಿಷ. ಇದು ಏನೂ ಮಾಡುವುದಿಲ್ಲ, ಬಿಟ್ಟುಬಿಡಿ ಅಂದರು.

ಇದಕ್ಕೆ ವೈದ್ಯರು ಇಟ್ಟಿರುವ ಹೆಸರು ಡರ್ಮಟೋಫೈಬ್ರೋಮಾ. ಚರ್ಮದೊಳಗೆ ನಾರಿನಂಥ ಅಂಶ ಒಂದೆಡೆ ಕೂಡಿ ಗಟ್ಟಿಯಾದದ್ದು, ಅಷ್ಟೆ. ಯಾಕೆ ಬರುತ್ತದೆಂದು ಖಚಿತವಾಗಿ ಹೇಳುವವರಿಲ್ಲ. ಮುಳ್ಳು ಚುಚ್ಚಿದ್ದು, ಹುಳ ಕಚ್ಚಿದ್ದು ನೆನಪಿರುವವರು ಅನೇಕರು. ಮೊಳಕಾಲಿನ ಕೆಳಗೆ ಕಾಣಿಸಿಕೊಳ್ಳುವುದು ಹೆಚ್ಚು, ಹೆಂಗಸರಲ್ಲಿ ಇನ್ನೂ ಹೆಚ್ಚು. ಸಾಮಾನ್ಯವಾಗಿ ಒಂದು ಸೆಂಟಿಮೀಟರು ದಾಟುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮೇಲಿನ ಚರ್ಮಕ್ಕೂ ಗಂಟಿಗೂ ಬಿಗಿ ನಂಟಿರುವುದರಿಂದಲೇ ಚಿವುಟಿದರೆ ಅದು ಗುಳಿ ಬೀಳುತ್ತದೆ. ಬೇರು ಆಳದಲ್ಲಿರುವ ಕಾರಣ ಮೇಲೆ ಮೇಲೆ ಕೆರೆದರೆ ಹೋಗುವುದೂ ಇಲ್ಲ. ಕೊಯ್ದು ತೆಗೆಯಬಹುದು. ಆದರೆ ಉಳಿಯುವ ಕಲೆ ಎಷ್ಟೋ ಸಲ ಗಂಟಿಗಿಂತ ದೊಡ್ಡದಾಗಿರುತ್ತದೆ.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಬಂಧುಗಳೇ, ಇಷ್ಟು ಸಣ್ಣ ಗಂಟಿನ ಬಗ್ಗೆ ಇಷ್ಟುದ್ದ ಯಾಕೆ ಎಂದು ನಿಮಗೆ ಅನಿಸಬಹುದು. ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆಯಲ್ಲ, 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದದ್ದು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ರಾಜಾಜ್ಞೆ ಅದು. ಆದರೆ ಆಜ್ಞೆಗೆ ಮೊದಲು ಅದು ಅವರ ಆರೋಗ್ಯ ವಿಚಾರಿಸುತ್ತದೆ. ನಮ್ಮ ನೆಲದ ಅತಿ ಹಳೆಯ ಬರಹಗಳಲ್ಲೊಂದು ಹೀಗೆ ಶುರುವಾಗಿರುವಾಗ, ನಿಮ್ಮ ಕಾಲಿನ ಗಂಟನ್ನು ವಿಚಾರಿಸಲು ನನಗೂ ಸ್ವಲ್ಪ ಸಲಿಗೆ ಇದೆ ಎಂದುಕೊಳ್ಳುತ್ತೇನೆ.

ನನ್ನ ಮೊದಲ ಕೋರಿಕೆ ಸರಳವಾದದ್ದು. ನಿಮ್ಮ ಮೈಮೇಲೆ ಬಹುಕಾಲದಿಂದ ಕೂತಿರುವ ಗಂಟು ಇದ್ದರೆ ಇವತ್ತು ಕೈಕಾಲು ತೊಳೆಯುವಾಗ ಅದನ್ನು ಬೆಳಕಿನಲ್ಲಿ ನೋಡಿ. ಬೆರಳಿನಿಂದ ಮುಟ್ಟಿ ಗುರುತು ಮಾಡಿಕೊಳ್ಳಿ. ಕೊಬ್ಬಿನ ಗಂಟಾದರೆ ಮೆತ್ತಗಿರುತ್ತದೆ, ಒತ್ತಿದರೆ ಬೆರಳಿಗೆ ಸಿಗದೆ ಜಾರುತ್ತದೆ. ನರಹುಲಿಯ ಮೈ ಒರಟು. ಅಂಗಾಲಿನ ಆಣಿ ಹೆಜ್ಜೆ ಊರಿದಾಗ ನೋಯುತ್ತದೆ. ಮಗ್ಗದಲ್ಲಿ ಕೂರುವವರ ಮಣಿಕಟ್ಟಿನ ಮೇಲೆ ಏಳುವ ಗುಂಡನೆ ಗಂಟು ಚರ್ಮದ್ದೇ ಅಲ್ಲ, ಕೀಲಿನ ನೀರು ತುಂಬಿದ ಚೀಲ. ಇವೆಲ್ಲ ಬಹುಪಾಲು ನಿರುಪದ್ರವಿಗಳು. ನೀವು ಗಮನಿಸಿದ್ದನ್ನು ಹೇಳಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಎಷ್ಟು ವರ್ಷದಿಂದ ಇದೆ, ಬೆಳೆದಿದೆಯೇ, ಬಣ್ಣ ಬದಲಾಗಿದೆಯೇ, ಮೂರೇ ಮಾತು ಸಾಕು.

ಚಿವುಟಿದಾಗ ಗುಳಿ ಬಿತ್ತು, ಹಾಗಾದರೆ ತೋರಿಸುವುದೇ ಬೇಡ ಎಂದುಕೊಳ್ಳಬೇಡಿ. ಚಿವುಟುವುದು ಗುರುತಿಗೆ ಮಾತ್ರ, ತೀರ್ಪಿಗಲ್ಲ. ಒಂದೇ ಒಂದು ಸಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಅಲ್ಲಿ ಚರ್ಮದ ವೈದ್ಯರು ಇಲ್ಲದಿದ್ದರೆ ಇ-ಸಂಜೀವಿನಿಯಲ್ಲಿ ವಿಡಿಯೊ ಮೂಲಕ ವೈದ್ಯರನ್ನು ಕೇಳುವ ವ್ಯವಸ್ಥೆ ಇದೆ, ಅದನ್ನು ವಿಚಾರಿಸಿ. ಚಳ್ಳಕೆರೆಯವರಿಗೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ದೂರವಲ್ಲ. ಮೊಳಕಾಲ್ಮುರು, ರಾಂಪುರದ ಕಡೆಯವರು ಹೇಗೂ ಬಳ್ಳಾರಿಗೆ ಹೋಗಿಬರುತ್ತಿರುತ್ತೀರಿ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ನಿರುಪದ್ರವಿ ಗಂಟನ್ನು ಗುರುತಿಸಲು ಕಲಿತರೆ ಹಾಗಲ್ಲದ್ದೂ ಕಣ್ಣಿಗೆ ಬೀಳುತ್ತದೆ. ನಮ್ಮದು ಮಳೆ ಕಡಿಮೆಯಿರುವ, ಮುಳ್ಳು ಹೆಚ್ಚಿರುವ ನಾಡು. ಕುರಿ ಹಿಂದೆ ಕಾವಲುಗಳಲ್ಲಿ ಅಲೆಯುವವರ ಕಾಲಿಗೆ ಮುಳ್ಳು ಲೆಕ್ಕಕ್ಕೇ ಇಲ್ಲ. ಇಂಥ ಒಣ ಪ್ರದೇಶಗಳಲ್ಲಿ ಮುಳ್ಳಿನ ಗಾಯದ ಮೂಲಕ ಮಣ್ಣಿನ ಬೂಷ್ಟು ಅಥವಾ ಬ್ಯಾಕ್ಟೀರಿಯಾ ಪಾದದೊಳಗೆ ಸೇರಿ ಬರುವ ಕಾಯಿಲೆಯೊಂದಿದೆ. ಮೈಸಿಟೋಮಾ ಅದರ ಹೆಸರು. ಮಧುರೈಯಲ್ಲಿ 1842ರಲ್ಲಿ ಗುರುತಿಸಿದ್ದರಿಂದ ಮಧುರಾ ಪಾದ ಎಂದೂ ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಇದನ್ನು ಅಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಇದರ ಮೋಸ ಇರುವುದು ಆರಂಭದಲ್ಲೇ. ಇದೂ ನೋವಿಲ್ಲದ ಗಟ್ಟಿ ಗಂಟಾಗಿಯೇ ಶುರುವಾಗುತ್ತದೆ. ಆದರೆ ಇದು ಸುಮ್ಮನಿರುವುದಿಲ್ಲ. ತಿಂಗಳು ತಿಂಗಳು ಮೆಲ್ಲಗೆ ಬೆಳೆಯುತ್ತದೆ, ಪಾದ ಊದುತ್ತದೆ, ಸಣ್ಣ ಸಣ್ಣ ತೂತು ಬಿದ್ದು ಕೀವು ಬರುತ್ತದೆ. ಆ ಕೀವಿನಲ್ಲಿ ರವೆಯಂಥ ಕಾಳುಗಳಿರುತ್ತವೆ, ಕಪ್ಪೋ ಬಿಳಿಯೋ ಹಳದಿಯೋ. ಮೊದಲೇ ತೋರಿಸಿದರೆ ಔಷಧಿಗೆ ಬಗ್ಗುತ್ತದೆ. ತಡವಾದರೆ ಮೂಳೆಗೆ ಇಳಿಯುತ್ತದೆ, ಕಾಲನ್ನೇ ಕಳೆದುಕೊಂಡವರಿದ್ದಾರೆ. ಕುರಿಗಾಹಿ ಅಣ್ಣಂದಿರೇ, ನೋವಿಲ್ಲ ಎಂಬ ಒಂದೇ ಕಾರಣಕ್ಕೆ ಪಾದದ ಗಂಟನ್ನು ಮುಂದಿನ ಸುಗ್ಗಿಗೆ ತಳ್ಳಬೇಡಿ.

ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ ಹೊಸದಾಗಿ ಕಂಡು ಹರಡುವ ಕಪ್ಪು ಮಚ್ಚೆಯನ್ನೂ ಹೀಗೇ ಬೇಗ ತೋರಿಸಿ. ನಮ್ಮ ಮೈಬಣ್ಣದವರಲ್ಲಿ ಮಚ್ಚೆಯ ಕ್ಯಾನ್ಸರ್ ಅಪರೂಪ. ಬಂದಾಗ ಹೆಚ್ಚಾಗಿ ಕಾಣುವುದು ಇಲ್ಲೇ. ತಿಂಗಳಾದರೂ ಮಾಯದ ಹುಣ್ಣು, ತಾನಾಗಿ ರಕ್ತ ಒಸರುವ ಗಂಟು, ದಿನದಿನಕ್ಕೆ ಬೆಳೆಯುವ ಗಂಟು, ಇವು ಕಾಯುವ ವಿಷಯಗಳಲ್ಲ. ಒಂದೇ ಸಲಕ್ಕೆ ಮೈಮೇಲೆ ಹತ್ತಾರು ಗಂಟು ಎದ್ದರೂ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಇನ್ನೊಂದಿದೆ, ಅದನ್ನು ಹೇಳಲು ಜನ ಇಂದಿಗೂ ದನಿ ತಗ್ಗಿಸುತ್ತಾರೆ. ಸ್ಪರ್ಶ ತಿಳಿಯದ ಬಿಳಿಚು ಅಥವಾ ಕೆಂಚು ಮಚ್ಚೆ, ಕಿವಿಯ ಹಾಲೆ ದಪ್ಪಗಾಗಿ ಗಂಟು ಗಂಟಾಗುವುದು ಕುಷ್ಠರೋಗದ ಲಕ್ಷಣ ಇರಬಹುದು. ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆರು ತಿಂಗಳು ಅಥವಾ ಒಂದು ವರ್ಷ ತಪ್ಪದೆ ನುಂಗಿದರೆ ವಾಸಿಯಾಗುತ್ತದೆ. ಔಷಧಿ ಶುರುವಾದ ಮೇಲೆ ಬೇಗನೆ ಅದು ಹರಡುವುದು ನಿಲ್ಲುತ್ತದೆ. ದನಿ ತಗ್ಗಿಸುವಂಥದ್ದು ಅದರಲ್ಲಿ ಏನೂ ಉಳಿದಿಲ್ಲ.

ಹರಕೆಯ ಬಗ್ಗೆಯೂ ಒಂದು ಮಾತು. ನಾಯಕನಹಟ್ಟಿ ಜಾತ್ರೆಯಲ್ಲಿ ಕೊಬ್ಬರಿ ಸುಡುವ ಸಾವಿರಾರು ಜನರಲ್ಲಿ ಮೈಯ ತೊಂದರೆಗೆ ಹರಕೆ ಹೊತ್ತವರೂ ಇರುತ್ತಾರೆ. ನಾನೂ ಸುಟ್ಟವನೇ. ಹರಕೆ ಬಿಡಿ ಎಂದು ನಾನು ಕೇಳುವುದಿಲ್ಲ. ಅಲ್ಲಿನ ತಿಪ್ಪೇಸ್ವಾಮಿಯನ್ನು ಈ ಸೀಮೆ ನೆನೆಯುವುದು ಕೆರೆ ಕಟ್ಟಿಸಿದವನೆಂದು. ನೀರಿಲ್ಲದ ಊರಿನಲ್ಲಿ ಆತ ಕೆಲಸಕ್ಕೂ ಕೈ ಹಾಕಿದ. ಕೊಬ್ಬರಿ ಸುಡಿ, ಕಾಲನ್ನು ಮಾತ್ರ ಸುಡಬೇಡಿ. ಸುಣ್ಣ, ಸೋಡಾ, ಗೇರೆಣ್ಣೆ, ಬ್ಲೇಡು, ಇವು ಗಂಟಿನ ಹತ್ತಿರ ಬರುವುದು ಬೇಡ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಕಾಲಿನ ಗಾಯ ಬೇಗ ಮಾಯುವುದಿಲ್ಲ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೆರಾಯ್ಡ್ ಟ್ಯೂಬನ್ನು ತಿಂಗಳುಗಟ್ಟಲೆ ಬಳಿದರೆ ಚರ್ಮ ತೆಳುವಾಗುತ್ತದೆ, ಗಂಟು ಕರಗುವುದಿಲ್ಲ.

ಹೆಂಗಸರಲ್ಲಿ ವಿಶೇಷ ಮನವಿ. ಸೀರೆಯ ಅಂಚಿನೊಳಗೆ ಇರುವುದನ್ನು ಯಾರಿಗೆ ತೋರಿಸುವುದು ಎಂದು ಎಷ್ಟೋ ತಾಯಂದಿರು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ನಿಮ್ಮೂರಿನ ಆಶಾ ಕಾರ್ಯಕರ್ತೆ ಹೇಗೂ ಮನೆಗೆ ಬರುತ್ತಾರೆ. ಮೊದಲು ಅವರಿಗೆ ಹೇಳಿ. ಅವರ ಜೊತೆಯಲ್ಲೇ ಆಸ್ಪತ್ರೆಗೆ ಹೋದರಾಯಿತು.

ಕೆಲವು ಜಾಗ ನಮ್ಮ ಕಣ್ಣಿಗೇ ಕಾಣುವುದಿಲ್ಲ. ಬೆನ್ನು, ಕತ್ತಿನ ಹಿಂಭಾಗ, ಮೀನಖಂಡ. ಕ್ಷೌರದ ಅಂಗಡಿಯ ಅಣ್ಣಂದಿರೇ, ನಿಮ್ಮ ಕೈ ದಿನಕ್ಕೆ ಇಪ್ಪತ್ತು ತಲೆ ಮುಟ್ಟುತ್ತದೆ. ಅಜ್ಜ ಅಜ್ಜಿಗೆ ನೀರು ಹಾಕುವ ಸೊಸೆಯಂದಿರೇ, ಭಾನುವಾರ ಮಕ್ಕಳಿಗೆ ಎಣ್ಣೆ ತಿಕ್ಕುವ ತಾಯಂದಿರೇ, ನಮ್ಮ ಬೆನ್ನು ನಮಗಿಂತ ನಿಮಗೆ ಗೊತ್ತು. ಹೋದ ತಿಂಗಳು ಇರದ ಗಂಟು ಈ ತಿಂಗಳು ಕೈಗೆ ಸಿಕ್ಕಿದರೆ ಅಲ್ಲೇ ಒಂದು ಮಾತು ಹೇಳಿ. ಎಷ್ಟು ದೊಡ್ಡದಿತ್ತು ಎಂದು ನೆನಪಿಡಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಡಿ, ಪಕ್ಕದಲ್ಲೊಂದು ರೂಪಾಯಿ ನಾಣ್ಯ ಇಟ್ಟು.