ಕೆಟ್ಟ ಸುದ್ದಿಯನ್ನು ಹೇಳುವುದು ಹೇಗೆ?

ಕಳೆದ ಭಾನುವಾರ ನಮ್ಮ ಹಳೆಯ ನೆರೆಮನೆಯವರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಕಾಲೇಜಿನಲ್ಲಿ ಕ್ಯಾಂಪಸ್ ಸಂದರ್ಶನಗಳು ಶುರುವಾಗಿವೆ. ತಂದೆಯದು ಒಂದೇ ಮಾತು: "ದೊಡ್ಡ ಕಂಪನಿ ಅಂದಮೇಲೆ ನೆಮ್ಮದಿ ಅಲ್ಲವೇ ಸಾರ್? ಒಮ್ಮೆ ಒಳಗೆ ಸೇರಿಕೊಂಡರೆ ಮುಗಿಯಿತು." ಒಂದೇ ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ, ಮ್ಯಾನೇಜರಾಗಿ ನಿವೃತ್ತರಾದವರು ಅವರು. ಹಾಗೆ ಅನ್ನಿಸುವುದು ಸಹಜ. ಆದರೆ ಕಾಫಿ ಲೋಟ ಕೆಳಗಿಡುತ್ತಾ ಮಗ ಮೆಲ್ಲಗೆ ಕೇಳಿದ: "ಅಂಕಲ್, ಕಂಪನಿ ದಾರಿ ಬದಲಿಸಿದರೆ ಒಳಗಿರುವವರಿಗೆ ಮೊದಲೇ ಹೇಳುತ್ತಾರಾ?"

ಒಳ್ಳೆಯ ಪ್ರಶ್ನೆ. ಸಂಬಳ ಎಷ್ಟು, ಯಾವ ಊರು ಎಂದು ಎಲ್ಲರೂ ಕೇಳುತ್ತಾರೆ. ಇದನ್ನು ಕೇಳುವವರು ಕಡಿಮೆ. ನಾನು ಅವನಿಗೆ ನೋಕಿಯಾ ಕಂಪನಿಯ ಕಥೆ ಹೇಳಿದೆ. ಒಂದು ಕಾಲದಲ್ಲಿ ನಮ್ಮ ಮನೆಮನೆಯಲ್ಲೂ ಇದ್ದ ಹೆಸರದು. ಒಂದೇ ಕಂಪನಿ ತನ್ನ ನೌಕರರಿಗೆ ಕಹಿ ಸುದ್ದಿಯನ್ನು ಒಮ್ಮೆ ಬಹಳ ಕೆಟ್ಟದಾಗಿಯೂ, ಇನ್ನೊಮ್ಮೆ ಮೆಚ್ಚುವಂತೆಯೂ ಮುಟ್ಟಿಸಿದ ಉದಾಹರಣೆ ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

2008ರ ಜನವರಿ. ಜರ್ಮನಿಯ ಬೋಖುಮ್ ಎಂಬ ಊರಿನಲ್ಲಿದ್ದ ತನ್ನ ಕಾರ್ಖಾನೆಯನ್ನು ಮುಚ್ಚುವುದಾಗಿ ನೋಕಿಯಾ ಪ್ರಕಟಿಸಿತು. 2,300 ಜನರ ಕೆಲಸ ಹೋಗುವುದಿತ್ತು. ಉತ್ಪಾದನೆಯನ್ನು ಕೂಲಿ ಕಡಿಮೆಯಿದ್ದ ರುಮೇನಿಯಾಕ್ಕೆ ಸಾಗಿಸುವ ಲೆಕ್ಕಾಚಾರ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಕಂಪನಿ ಲಾಭದಲ್ಲಿದ್ದಾಗ, ಸರ್ಕಾರದ ಸಹಾಯಧನವನ್ನೂ ಪಡೆದಿದ್ದಾಗ, ಏಕಾಏಕಿ ಹೀಗೆಂದರೆ ಜನ ಸುಮ್ಮನಿರುತ್ತಾರೆಯೇ? ಒಂದು ವಾರದಲ್ಲಿ ಸುಮಾರು 15,000 ಜನ ಬೀದಿಗಿಳಿದರು. ನೋಕಿಯಾ ಫೋನ್ ಕೊಳ್ಳಬೇಡಿ ಎಂಬ ಕೂಗೆದ್ದಿತು. ಕಾರ್ಖಾನೆಯನ್ನೇನೋ ಮುಚ್ಚಿದರು. ಆದರೆ ಪರಿಹಾರ ಮುಂತಾದವುಗಳಿಗೆ ಕಂಪನಿ ತೆತ್ತದ್ದು ಸುಮಾರು 20 ಕೋಟಿ ಯೂರೋ. ತಲೆಗೆ 80,000ಕ್ಕೂ ಮೇಲಾಯಿತು! ಹೋದ ಹೆಸರಿಗೆ ಲೆಕ್ಕವಿಲ್ಲ.

ಮೂರು ವರ್ಷದಲ್ಲಿ ನೋಕಿಯಾದ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸಿತು. ಆಪಲ್, ಗೂಗಲ್ ಕಂಪನಿಗಳು ಫೋನ್ ಎಂಬ ವಸ್ತುವಿನ ಅರ್ಥವನ್ನೇ ಬದಲಿಸಿಬಿಟ್ಟಿದ್ದವು. ಮೈಕ್ರೋಸಾಫ್ಟ್‌ನಿಂದ ಬಂದು 2010ರ ಸೆಪ್ಟೆಂಬರಿನಲ್ಲಿ ಮುಖ್ಯಸ್ಥರಾದ ಸ್ಟೀಫನ್ ಇಲಾಪ್, 2011ರ ಫೆಬ್ರವರಿಯಲ್ಲಿ ನೌಕರರಿಗೊಂದು ಪತ್ರ ಬರೆದರು. ಸಮುದ್ರದ ನಡುವಿನ ತೈಲಬಾವಿಯ ಅಟ್ಟಣೆಗೆ ಬೆಂಕಿ ಬಿದ್ದಿದೆ, ಅದರ ಮೇಲೆ ನಿಂತವನು ಹೆಪ್ಪುಗಟ್ಟಿಸುವ ನೀರಿಗೆ ಹಾರಬೇಕು, ಇಲ್ಲವೇ ಸುಟ್ಟುಹೋಗಬೇಕು. ನಾವೂ ಅಂಥ ಉರಿಯುವ ಅಟ್ಟಣೆಯ ಮೇಲೆಯೇ ನಿಂತಿದ್ದೇವೆ ಎಂಬುದು ಅದರ ಸಾರಾಂಶ. ಇಲಾಪ್ ಸುಳ್ಳು ಹೇಳಲಿಲ್ಲ. ಆ ಮಟ್ಟಿಗೆ ಮೆಚ್ಚಬೇಕು. ಆದರೆ ಪತ್ರ ಪತ್ರಿಕೆಗಳಿಗೆ ಸೋರಿತು. ಕೆಲವೇ ದಿನಗಳಲ್ಲಿ, ತನ್ನ ಸಿಂಬಿಯನ್ ತಂತ್ರಾಂಶವನ್ನು ಕೈಬಿಟ್ಟು ಮೈಕ್ರೋಸಾಫ್ಟಿನದನ್ನು ಹಿಡಿಯುವುದಾಗಿ ಕಂಪನಿ ಸಾರಿತು. ಆ ಹೊಸ ಫೋನುಗಳು ಹೊರಬರುವುದಕ್ಕೆ ವರ್ಷದ ಕೊನೆಯಾಯಿತು. ಅಲ್ಲಿಯವರೆಗೆ ಅಂಗಡಿಯಲ್ಲಿದ್ದ ಹಳೆಯ ಮಾಲನ್ನು ಯಾರು ಕೊಳ್ಳಬೇಕು? ಮಾಲೀಕನೇ "ನಮ್ಮ ಹೋಟೆಲಿನ ಇಡ್ಲಿ ಹಳಸಿದೆ" ಎಂದು ಬೋರ್ಡು ಹಾಕಿದಂತಾಯಿತು.

ಇನ್ನು ಮೆಚ್ಚಬೇಕಾದ ಭಾಗ. ಅದೇ 2011ರಲ್ಲಿ ಸಾವಿರಾರು ಜನರನ್ನು ತೆಗೆಯಲೇಬೇಕಾಗಿ ಬಂತು. ಆಗ ಅಧ್ಯಕ್ಷರಾಗಿದ್ದ ಯೋರ್ಮಾ ಓಲಿಲಾ ಮತ್ತಿತರರಿಗೆ ಬೋಖುಮ್ ಮತ್ತೊಮ್ಮೆ ಆಗುವುದು ಬೇಕಿರಲಿಲ್ಲ. ಹಾಗಾಗಿ 'ಬ್ರಿಜ್' ಎಂಬ ಯೋಜನೆ ಹುಟ್ಟಿತು. ಸೇತುವೆ ಎನ್ನೋಣ. ಕೆಲಸ ಹೋಗುವವರ ಮುಂದೆ ಐದು ದಾರಿಗಳನ್ನಿಟ್ಟರು. ಕಂಪನಿಯೊಳಗೇ ಬೇರೆ ಕೆಲಸ ಹುಡುಕಿಕೊಳ್ಳಬಹುದು. ಹೊರಗೆ ಕೆಲಸ ಹುಡುಕಲು ನೆರವು ಪಡೆಯಬಹುದು. ಸ್ವಂತ ಉದ್ಯಮ ಆರಂಭಿಸಬಹುದು, ಅದಕ್ಕೆ 25,000 ಯೂರೋವರೆಗೆ ಧನಸಹಾಯವೂ ಉಂಟು. ಹೊಸ ವಿದ್ಯೆ ಕಲಿಯಬಹುದು. ಅಥವಾ ಸಮಾಜಸೇವೆಯಂಥ ತಮ್ಮದೇ ದಾರಿ ಹಿಡಿಯಬಹುದು.

13 ದೇಶಗಳಲ್ಲಿ ಸುಮಾರು 18,000 ಜನರಿಗೆ ಈ ಯೋಜನೆ ಅನ್ವಯಿಸಿತು. ಅವರಲ್ಲಿ ಶೇಕಡಾ 60ರಷ್ಟು ಮಂದಿಗೆ, ಕೆಲಸದ ಕೊನೆಯ ದಿನ ಬಾಗಿಲು ದಾಟುವಾಗಲೇ ಮುಂದೇನು ಎಂಬುದು ಗೊತ್ತಿತ್ತು. ಸುಮಾರು ಸಾವಿರ ಹೊಸ ಉದ್ಯಮಗಳು ಹುಟ್ಟಿದವು. ನೋಕಿಯಾದ ಇಂಜಿನಿಯರುಗಳೇ ಕಟ್ಟಿದ ಯೋಲ್ಲಾ ಎಂಬ ಫೋನ್ ಕಂಪನಿ ಅವುಗಳಲ್ಲೊಂದು. ಒಟ್ಟು ಖರ್ಚು 5 ಕೋಟಿ ಯೂರೋ, ಅಂದರೆ ತಲೆಗೆ ಸುಮಾರು 2,800. ಬೋಖುಮ್‌ನ ಎಂಬತ್ತು ಸಾವಿರವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಉಳಿದ ಶೇಕಡಾ 40 ಮಂದಿಯ ಕಥೆ ಏನು ಎಂದು ನೀವು ಕೇಳಬಹುದು. ಹುಡುಗನೂ ಕೇಳಿದ. ಎಲ್ಲರೂ ಸೇತುವೆ ದಾಟಿದರು ಎಂದು ನಾನು ಹೇಳಲಾರೆ. ನೋಕಿಯಾವನ್ನೇ ನಂಬಿಕೊಂಡಿದ್ದ ಫಿನ್ಲೆಂಡಿನ ಸಾಲೋ ಎಂಬ ಪಟ್ಟಣದಲ್ಲಿ 2012ರಲ್ಲಿ ಉತ್ಪಾದನೆ ನಿಂತಾಗ ಊರಿಗೆ ಊರೇ ಸೊರಗಿತು.

ಇಷ್ಟಾಗಿಯೂ ಕಲಿತ ಪಾಠ ಕಂಪನಿಗಳಲ್ಲಿ ಉಳಿಯುವುದಿಲ್ಲ ಎಂಬುದೇ ಸೋಜಿಗ. ಫೋನ್ ವಿಭಾಗ 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಪಾಲಾಯಿತು. ಮೂರೇ ತಿಂಗಳಲ್ಲಿ 18,000 ಕೆಲಸಗಳ ಕಡಿತ ಪ್ರಕಟವಾಯಿತು; ಅವುಗಳಲ್ಲಿ 12,500 ಆ ಫೋನ್ ವಿಭಾಗದವು. ಅವರಿಗೆ ಪತ್ರ ಬರೆದವರು ಮತ್ತೆ ಅದೇ ಇಲಾಪ್. ಈ ಬಾರಿ ಬೆಂಕಿಯಿಲ್ಲ, ಸಮುದ್ರವಿಲ್ಲ. "ಹಲೋ ದೇರ್" ಎಂದು ಲಘುವಾಗಿ ಶುರುವಾಗಿ, ಯಾವ ಫೋನು, ಯಾವ ಮಾರುಕಟ್ಟೆ ಎಂದು ಪ್ಯಾರಾಗಟ್ಟಲೆ ಸಾಗಿ, ಕೆಲಸ ಹೋಗುವ ವಿಷಯ ಬಂದದ್ದು ಪತ್ರ ಮುಗಿಯುವ ಹೊತ್ತಿಗೆ. ಮನೆಯಲ್ಲಿ ಸಾಲದ ಕಂತು ಕಟ್ಟಬೇಕಾದವನು ಅಷ್ಟೂ ಪ್ಯಾರಾಗಳನ್ನು ಹೇಗೆ ಓದಿರಬಹುದು ಎಂದು ಒಂದು ಕ್ಷಣ ಯೋಚಿಸಿ. 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನು ತೆಗೆದಾಗ, ಕಂಪ್ಯೂಟರ್ ತಮ್ಮನ್ನು ಒಳಗೆ ಬಿಡದಿದ್ದಾಗಲೇ ಕೆಲವರಿಗೆ ವಿಷಯ ತಿಳಿದದ್ದು.

ಇದೆಲ್ಲ ಎಲ್ಲೋ ದೂರದ ಮಾತು ಎಂದುಕೊಳ್ಳಬೇಡಿ. ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿದ್ದ ನೋಕಿಯಾ ಕಾರ್ಖಾನೆಯಲ್ಲಿ ಸಾವಿರಾರು ಹುಡುಗ ಹುಡುಗಿಯರು ಕೆಲಸಕ್ಕಿದ್ದರು. ತೆರಿಗೆ ವಿವಾದದಿಂದಾಗಿ ಅದು ಮಾರಾಟದ ಒಪ್ಪಂದದಿಂದ ಹೊರಗುಳಿಯಿತು. 2014ರ ನವೆಂಬರ್ 1ರಂದು ಅಲ್ಲಿ ಉತ್ಪಾದನೆ ನಿಂತಿತು.

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ತಮ್ಮ ಬ್ಯಾಂಕಿಗೆ ಕಂಪ್ಯೂಟರ್ ಬಂದ ದಿನಗಳು ನೆನಪಾದವಂತೆ. "ನಮ್ಮ ಮ್ಯಾನೇಜರು ಒಂದು ಸಂಜೆ ಎಲ್ಲರನ್ನೂ ಕೂರಿಸಿಕೊಂಡು, ಯಾರ ಕೆಲಸವೂ ಹೋಗುವುದಿಲ್ಲ, ಆದರೆ ಎಲ್ಲರೂ ಕಲಿಯಬೇಕು ಅಂದರು ಸಾರ್. ಅವತ್ತು ರಾತ್ರಿ ನಿದ್ದೆ ಬಂತು," ಎಂದರು. ಮಗ ತನ್ನ ಪುಸ್ತಕದ ಹಿಂದಿನ ಪುಟದಲ್ಲಿ ಏನೋ ಬರೆದುಕೊಳ್ಳುತ್ತಿದ್ದ. ಬಗ್ಗಿ ನೋಡಿದೆ. ಸಂದರ್ಶನದ ಕೊನೆಯಲ್ಲಿ "ನಿಮಗೇನಾದರೂ ಕೇಳುವುದಿದೆಯೇ?" ಎನ್ನುತ್ತಾರಲ್ಲ, ಅದಕ್ಕಾಗಿ: "ಈ ಹಿಂದೆ ನೀವು ಜನರನ್ನು ತೆಗೆಯಬೇಕಾಗಿ ಬಂದಾಗ, ಅವರಿಗೆ ಹೇಗೆ ಹೇಳಿದಿರಿ?"